ಮೂವತ್ತನಾಲ್ಕಾದರೂ "ಆಡಿಟರ್ ಯಾವಾಗ ಬರುತ್ತಾರೆ?" ಎಂದು ನನ್ನನ್ನೇ ಕೇಳುತ್ತಾರೆ

ತಾಳೆಪಟ್ಟಿ:

ನಾನು ಚಾರ್ಟರ್ಡ್ ಅಕೌಂಟೆಂಟ್. ಊರಿನ ಮಾತಿನಲ್ಲಿ ಆಡಿಟರ್. ರಾಜಾಜಿನಗರದಲ್ಲಿ ಸ್ವಂತ ಕಚೇರಿಯಿದೆ. ವಯಸ್ಸು 34. ಐದಡಿ ಮುಟ್ಟದ ಎತ್ತರ, ದುಂಡು ಮುಖ, ಕೆನ್ನೆಯ ಮೇಲೆ ಇನ್ನೂ ಮೊಡವೆ. ಮೆಟ್ರೊದಲ್ಲಿ ಪಕ್ಕಕ್ಕೆ ಕುಳಿತ ಅಜ್ಜಿಯರು "ಯಾವ ಕಾಲೇಜು ಮಗಳೇ?" ಎಂದು ಕೇಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಅಜ್ಜಿಯರಿಗೆ ನಾನು ವರದಿ ಬರೆದುಕೊಡಬೇಕಾಗಿಲ್ಲ. ತಕರಾರು ಇರುವುದು ವರದಿ ಬರೆದುಕೊಡಬೇಕಾದ ಕಡೆ.

ಕಳೆದ ಏಪ್ರಿಲ್‌ನಲ್ಲಿ ಒಂದು ಬ್ಯಾಂಕ್ ಶಾಖೆಯ ಆಡಿಟ್‌ಗೆ ಹೋಗಿದ್ದೆ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿದು, ಊರಿನ ಎಷ್ಟೋ ಶಾಖೆಗಳು ಒಟ್ಟಿಗೆ ಆಡಿಟ್‌ಗೆ ಕೂರುವ ಕಾಲ ಅದು. ಮ್ಯಾನೇಜರುಗಳಿಗೂ ನಿದ್ದೆಯಿಲ್ಲ, ನಮಗೂ ಇಲ್ಲ. ಜೊತೆಗೆ ನಮ್ಮ ಆರ್ಟಿಕಲ್ ಹುಡುಗನಿದ್ದ, ಅಂದರೆ ನಮ್ಮಲ್ಲಿ ತರಬೇತಿಗೆ ಇರುವ ಸಿಎ ವಿದ್ಯಾರ್ಥಿ. ಅವನಿಗೆ 21. ಆರಡಿ ಎತ್ತರ, ಕಿವಿಯಿಂದ ಕಿವಿಗೆ ಒತ್ತಾದ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಮ್ಯಾನೇಜರ್ ಎದ್ದು ನಿಂತು ಅವನ ಕೈ ಕುಲುಕಿದರು. ತಮ್ಮ ಎದುರಿನ ಕುರ್ಚಿಯನ್ನು ಅವನಿಗೆ ತೋರಿಸಿ, ನನ್ನ ಕಡೆ ತಿರುಗಿ "ನೀನು ಅಲ್ಲಿ ಕುಳಿತುಕೊಳ್ಳಮ್ಮ, ಕಂಪ್ಯೂಟರ್ ಆ ಮೇಜಿನ ಮೇಲಿದೆ" ಎಂದರು. ಕಾಫಿ ಬಂತು. ಅವನಿಗೆ ಪಿಂಗಾಣಿ ಬಟ್ಟಲು, ಕೆಳಗೆ ತಟ್ಟೆ, ತಟ್ಟೆಯಲ್ಲಿ ಎರಡು ಬಿಸ್ಕತ್ತು. ನನಗೆ ಕಾಗದದ ಲೋಟ.

ಹುಡುಗ ಪಾಪ ಬೆವತುಹೋದ. "ಸಾರ್, ಇವರೇ ಆಡಿಟರ್" ಎಂದ. ಮ್ಯಾನೇಜರ್ ನಕ್ಕರು. "ಹೌದೇ! ತುಂಬಾ ಚಿಕ್ಕವರ ಹಾಗೆ ಕಾಣುತ್ತೀರಿ" ಎಂದು ಹೊಗಳುವ ದನಿಯಲ್ಲಿ ಹೇಳಿ, ಮತ್ತೆ ಅವನ ಕಡೆಗೇ ತಿರುಗಿ ಸಾಲದ ಪಟ್ಟಿಯನ್ನು ಅವನ ಕೈಗೇ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಚಿತ್ರ ಬದಲಾಯಿತು. ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಆ ಸಾಲ ವಸೂಲಾಗದ ಸಾಲದ ಲೆಕ್ಕಕ್ಕೆ ಹೋಗಬೇಕು ಎನ್ನುವುದು ನಿಯಮ. ಒಂದು ಖಾತೆಯಲ್ಲಿ ಮಾರ್ಚ್ ಕೊನೆಗೆ ಸರಿಯಾಗಿ ದುಡ್ಡು ಬಂದು ಬಾಕಿ ತೀರಿತ್ತು. ಏಪ್ರಿಲ್ ಮೊದಲ ದಿನಗಳಲ್ಲೇ ಹೆಚ್ಚುಕಡಿಮೆ ಅಷ್ಟೇ ದುಡ್ಡು ಅದೇ ಮನೆಯವರ ಇನ್ನೊಂದು ಖಾತೆಗೆ ಹೊರಗೆ ಹೋಗಿತ್ತು. ನಾನು ಎರಡೂ ಖಾತೆಗಳ ವಿವರವನ್ನು ಪಕ್ಕಪಕ್ಕದಲ್ಲಿಟ್ಟು "ಇದು ಯಾರ ದುಡ್ಡು?" ಎಂದು ಕೇಳಿದೆ. ಆಮೇಲೆ "ನೀನು" ಹೋಗಿ "ಮೇಡಂ" ಬಂತು. ಸಂಜೆಯ ಕಾಫಿ ಪಿಂಗಾಣಿಯಲ್ಲೇ ಬಂತು.

ನೀವು "ಕೆಲಸ ಮಾತನಾಡುತ್ತದೆ, ಬಿಡಿ" ಎನ್ನುತ್ತೀರಿ ಎಂದು ಗೊತ್ತು. ನನ್ನ ಪ್ರಶ್ನೆಯೇ ಅಲ್ಲಿದೆ. ಆ ಹುಡುಗನಿಗೆ ಗೌರವ ಮುಂಗಡವಾಗಿ ಸಿಕ್ಕಿತು. ನಾನು ನನ್ನದನ್ನು ಹಳೇ ಬಾಕಿಯ ಹಾಗೆ ವಸೂಲು ಮಾಡಬೇಕಾಯಿತು. ಅದೂ ಎದುರಿನವರ ಹುಳುಕನ್ನು ಹಿಡಿದ ಮೇಲೆ. ಹುಳುಕೇ ಇಲ್ಲದ ಶಾಖೆಗೆ ಹೋದರೆ ನಾನು ಇಡೀ ದಿನ ಕಾಗದದ ಲೋಟದವಳೇ.

ಏಕವಚನದ ಮಾತು ಬೇರೆಯೇ ಇದೆ. ಯಶವಂತಪುರದ ಮಂಡಿಯಲ್ಲಿ ನನಗೆ ಇಬ್ಬರು ಕಕ್ಷಿದಾರರಿದ್ದಾರೆ, ಇಬ್ಬರೂ ಮಂಡ್ಯದ ಕಡೆಯ ಹಿರಿಯರು. "ಬಾ ತಾಯಿ, ಕೂತುಕೋ, ಈ ನೋಟಿಸು ಏನು ಹೇಳುತ್ತದೆ ನೋಡು" ಎನ್ನುತ್ತಾರೆ. ಅಲ್ಲಿ ಏಕವಚನವಿದೆ, ಸಸಾರವಿಲ್ಲ. ನಾನು ಹೇಳಿದ ದಿನಾಂಕಕ್ಕೆ ತೆರಿಗೆ ಕಟ್ಟುತ್ತಾರೆ, ಶುಲ್ಕವನ್ನು ಲಕೋಟೆಯಲ್ಲಿಟ್ಟು ಎರಡು ಕೈಯಲ್ಲಿ ಕೊಡುತ್ತಾರೆ. ಪೀಣ್ಯದಲ್ಲೊಂದು ಯಂತ್ರದ ಬಿಡಿಭಾಗಗಳ ಕಾರ್ಖಾನೆ. ಮಾಲೀಕರಿಗೆ ಹೆಚ್ಚೆಂದರೆ ನಲವತ್ತು. ಅವರು ನನ್ನನ್ನು "ನೀನು" ಎನ್ನುತ್ತಾರೆ, ನನ್ನ ಗಂಡನನ್ನು ಮೊದಲ ಸಲ ಕಂಡಾಗ "ನೀವು" ಎಂದರು. ಗಂಡನಿಗೆ ನನಗಿಂತ ಒಂದು ವರ್ಷ ಕಡಿಮೆ, ಜಿಎಸ್‌ಟಿಯ ಗಾಳಿಗಂಧವಿಲ್ಲ.

ವೀಸಾಗೆ ಆಸ್ತಿಯ ಪ್ರಮಾಣಪತ್ರ ಬೇಕೆಂದು ಬರುವವರು ನಾನು ಸಹಿ ಮಾಡುವುದನ್ನು ನೋಡಿ "ದೊಡ್ಡ ಆಡಿಟರ್ ಸಹಿ ಬೇಡವೇ?" ಎಂದು ಕೇಳಿದ್ದುಂಟು. ಈಗ ನಾವು ಕೊಡುವ ಪ್ರತಿ ಪ್ರಮಾಣಪತ್ರಕ್ಕೂ ಯುಡಿಐಎನ್ ಎಂಬ 18 ಅಕ್ಷರ-ಅಂಕಿಗಳ ಗುರುತು ಇರುತ್ತದೆ, 2019ರಿಂದ ಅದು ಕಡ್ಡಾಯ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯಾದ ಐಸಿಎಐ ಜಾಲತಾಣದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ಅದನ್ನು ತೋರಿಸುತ್ತೇನೆ. ಅಂಕಿಗಳನ್ನು ನಂಬುತ್ತಾರೆ, ಮುಖವನ್ನು ನಂಬುವುದಿಲ್ಲ.

ಸೀರೆ ಉಟ್ಟು ನೋಡಿದೆ. ಮೈಸೂರು ರೇಷ್ಮೆಯಾದರೆ ಮದುವೆಗೆ ಹೊರಟ ಹುಡುಗಿ ಎನ್ನುತ್ತಾರೆ, ಹತ್ತಿಯಾದರೆ ಬಿ.ಎಡ್. ವಿದ್ಯಾರ್ಥಿನಿ ಎನ್ನುತ್ತಾರೆ. ದಪ್ಪ ಚೌಕಟ್ಟಿನ ಕನ್ನಡಕಕ್ಕೆ ಸ್ವಲ್ಪ ಬೆಲೆಯಿದೆ. ದನಿ ತಗ್ಗಿಸಿ ನಿಧಾನವಾಗಿ ಮಾತನಾಡಿದರೆ "ಹುಷಾರಿಲ್ಲವೇನಮ್ಮಾ?" ಎಂದು ಕೇಳುತ್ತಾರೆ.

ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ: ಮೊದಲ ಐದು ನಿಮಿಷವನ್ನು ಹೇಗೆ ನಿಭಾಯಿಸಿದಿರಿ? "ಚಿಕ್ಕವರಂತೆ ಕಾಣುವುದು ಅದೃಷ್ಟ, ಐವತ್ತಾದಾಗ ಗೊತ್ತಾಗುತ್ತದೆ" ಎನ್ನುವವರು ದಯವಿಟ್ಟು ಐವತ್ತಾದ ಮೇಲೆ ಬರೆಯಿರಿ.


ಅರಿವಳಿಕೆ:

ನಾನು ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಎಂಡಿ ಮೂರು, ಆಮೇಲೆ ನಗರದ ಪಶ್ಚಿಮ ಭಾಗದ ಆಸ್ಪತ್ರೆಯೊಂದರಲ್ಲಿ ಕೆಲಸ. ಇಷ್ಟಾದರೂ 37ನೇ ವಯಸ್ಸಿನಲ್ಲಿ ನನ್ನ ಗಡ್ಡ ಮಳೆ ಕಾಣದ ಹೊಲದ ರಾಗಿಯ ಹಾಗೆ ಅಲ್ಲೊಂದು ಇಲ್ಲೊಂದು.

ಸೊಂಟದ ಮೂಳೆ ಮುರಿದುಕೊಂಡು ಬಂದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು "ಮಗೂ, ದೊಡ್ಡ ಡಾಕ್ಟರ್ ಬಂದ ಮೇಲೆ ತಾನೇ ಚುಚ್ಚುವುದು?" ಎಂದು ಕೇಳಿದರು. ಮಗ ಪಕ್ಕದಲ್ಲಿ ನಿಂತು ನನ್ನ ಕೊರಳಿನ ಗುರುತಿನ ಚೀಟಿಯನ್ನು ಓದುತ್ತಿದ್ದ. ಇಂಥ ಕಡೆ ನಾನು ವಯಸ್ಸು ಹೇಳುವುದಿಲ್ಲ, ಓದಿದ್ದನ್ನೂ ಹೇಳುವುದಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಪ್ರಶ್ನೆ ಆರಂಭಿಸುತ್ತೇನೆ. ಅಲ್ಲಾಡುವ ಹಲ್ಲು ಇದೆಯೇ? ಕಟ್ಟಿಸಿದ ಹಲ್ಲು ರಾತ್ರಿ ತೆಗೆದಿಡುತ್ತೀರಾ? ಹಿಂದೆ ಆಪರೇಷನ್ ಆದಾಗ ಎಚ್ಚರವಾದ ಮೇಲೆ ವಾಂತಿಯಾಗಿತ್ತೇ? ಬೀಳುವುದಕ್ಕೆ ಮುಂಚೆ ಮಹಡಿ ಹತ್ತುತ್ತಿದ್ದಿರಾ, ಎಷ್ಟನೇ ಮೆಟ್ಟಿಲಿಗೆ ಉಸಿರು ಕಟ್ಟುತ್ತಿತ್ತು? ಬಾಯಿ ಅಗಲ ತೆರೆದು ನಾಲಿಗೆ ಪೂರ್ತಿ ಚಾಚಿ. ಗಟ್ಟಿ ಆಹಾರ ಕೊನೆಯ ಸಲ ತಿಂದದ್ದು ಎಷ್ಟು ಹೊತ್ತಿಗೆ? ಆರು ಗಂಟೆ ಆಗಿರಬೇಕು, "ಒಂದೇ ಒಂದು ಇಡ್ಲಿ" ಕೂಡ ಲೆಕ್ಕಕ್ಕೆ ಬರುತ್ತದೆ.

ಹಲ್ಲಿನ ಪ್ರಶ್ನೆಗೇ ಮಗ ಕಡತ ತೆಗೆದು ಕೈಗಿಟ್ಟ. ತನ್ನ ತಾಯಿಯ ಹಲ್ಲಿನ ಬಗ್ಗೆ ಯಾರೂ ಇಷ್ಟು ಕೇಳಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ಪ್ರಶ್ನೆ ಅವರ ಮೈಗೆ ತಾಗುವಂತಿದ್ದರೆ ಕೇಳುವವನ ಮುಖ ಯಾರಿಗೂ ಬೇಕಾಗುವುದಿಲ್ಲ. ನೀವು ಖಾತೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದ ಪ್ರಶ್ನೆಯನ್ನು ಮಧ್ಯಾಹ್ನದವರೆಗೆ ಯಾಕೆ ಇಟ್ಟುಕೊಂಡಿರಿ? ಬಾಗಿಲಿನಲ್ಲೇ ಕೇಳಬಹುದಾದ ಯಾವುದೋ ಒಂದು ಪ್ರಶ್ನೆ ಆಡಿಟ್‌ನಲ್ಲೂ ಇರಲೇಬೇಕು.

ಇನ್ನೊಂದು ಮಾತು. 2020ರಲ್ಲಿ ತಲೆಯಿಂದ ಕಾಲಿನವರೆಗೆ ರಕ್ಷಾಕವಚ ಹಾಕಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಿದೆವಲ್ಲ, ಆಗ ಯಾವ ರೋಗಿಯೂ ನನ್ನ ವಯಸ್ಸು ಕೇಳಲಿಲ್ಲ. ಸೆಕೆಯಲ್ಲಿ ಬೇಯುತ್ತಿದ್ದರೂ ಅದೊಂದು ನೆಮ್ಮದಿಯಿತ್ತು.


ಹೊರವರ್ತುಲ:

ನಿಮ್ಮ ಕಷ್ಟವನ್ನು ನನಗೆ ಕೊಡಿ, ನನ್ನದನ್ನು ನೀವು ತೆಗೆದುಕೊಳ್ಳಿ. ವಯಸ್ಸು 46, ಸಾಫ್ಟ್‌ವೇರ್, ಹೊರವರ್ತುಲ ರಸ್ತೆಯ ಕಂಪನಿಯೊಂದರಿಂದ ಹೊರಬಿದ್ದು ಈಗ ಸಂದರ್ಶನಗಳಿಗೆ ಅಲೆಯುತ್ತಿದ್ದೇನೆ. ಬಯೋಡೇಟಾದಲ್ಲಿ ಎಂಜಿನಿಯರಿಂಗ್ ಮುಗಿಸಿದ ಇಸವಿ ತೆಗೆದುಹಾಕಿದ್ದೇನೆ. ಹಿಂದಿನ ರಾತ್ರಿ ಕೂದಲಿಗೆ ಬಣ್ಣ ಹಚ್ಚುತ್ತೇನೆ, ಕಿವಿಯ ಹಿಂದೆ ಉಳಿದದ್ದನ್ನು ಹೆಂಡತಿ ಒರೆಸುತ್ತಾಳೆ. ಎದುರಿಗೆ ಕುಳಿತವರಿಗೆ ಇಪ್ಪತ್ತೆಂಟು. "ನಿಮ್ಮಷ್ಟು ಅನುಭವಿಗಳಿಗೆ ಈ ಕೆಲಸ ಬೇಸರವಾಗಬಹುದು" ಎಂದು ಬಹಳ ಮರ್ಯಾದೆಯಿಂದ, ಬಹುವಚನದಲ್ಲೇ, ಮನೆಗೆ ಕಳಿಸುತ್ತಾರೆ. ಇದೇ ಊರಿನಲ್ಲಿ ಚಿಕ್ಕ ಮುಖ ಬಂಡವಾಳವಾಗಿರುವ ರಸ್ತೆಗಳೂ ಇವೆ.


ತಾಳೆಪಟ್ಟಿ:

@ಹೊರವರ್ತುಲ, ನಿಮ್ಮದು ನನ್ನದಕ್ಕಿಂತ ಕಷ್ಟ, ನಿಮ್ಮ ಸಂಬಳದ ಪ್ರಶ್ನೆ ಅದು. ಆದರೆ ಅದಲುಬದಲು ಆಗುವುದಿಲ್ಲ. ನಿಮ್ಮ ಇಪ್ಪತ್ತೆಂಟರ ಸಂದರ್ಶಕನನ್ನು ಪೀಣ್ಯಕ್ಕೆ ಕರೆತಂದರೆ ಅವನಿಗೂ ಕಾಗದದ ಲೋಟವೇ, ಅದಕ್ಕೆ ಗಡ್ಡ ಬಿಟ್ಟುಕೊಂಡಿರುತ್ತಾನೆ. ನಮ್ಮ ಕಕ್ಷಿದಾರರಲ್ಲಿ ಸಾಫ್ಟ್‌ವೇರ್ ಸಂಸ್ಥೆಯೊಂದಕ್ಕೆ ಲೆಕ್ಕ ಮತ್ತು ಬಿಲ್ಲಿಂಗ್ ವ್ಯವಸ್ಥೆ ಎರಡೂ ಗೊತ್ತಿರುವವರು ಬೇಕಾಗಿದ್ದಾರೆ, ಅವರ ಮಾಲೀಕರಿಗೆ ಐವತ್ತೆಂಟು. ಆಸಕ್ತಿಯಿದ್ದರೆ ಖಾಸಗಿಯಾಗಿ ಬರೆಯಿರಿ.

@ಅರಿವಳಿಕೆ, ಬಾಗಿಲಿನಲ್ಲೇ ಕೇಳುವ ಪ್ರಶ್ನೆ ಎಂಬುದು ಹಿಡಿಸಿತು. ಆದರೆ ನಿಮ್ಮ ರೋಗಿಗೆ ನೀವು ಬೇಕು. ನಮ್ಮ ಆಡಿಟ್‌ಗೆ ಒಳಗಾಗುವವರಿಗೆ ನಾವು ಬೇಡ. ಮೊದಲೇ ಚುಚ್ಚಿದರೆ ಕಾಗದಪತ್ರ ಬರುವುದೇ ನಿಲ್ಲುತ್ತದೆ.


ಕವರ್ ಬ್ಲಾಕ್:

ಸ್ಟ್ರಕ್ಚರಲ್ ಎಂಜಿನಿಯರ್, ಹೆಣ್ಣು, 32, ನೋಡಲು ಪಿಯುಸಿ. ಸೀರೆಯ ಉಪಾಯ ನನಗೆ ಮೊದಲೇ ಇಲ್ಲ, ಸೆಂಟ್ರಿಂಗ್ ಹಲಗೆಯ ಮೇಲೆ ಸೀರೆಯಲ್ಲಿ ನಡೆಯಲಾಗದು. ಬಿಳಿ ಹೆಲ್ಮೆಟ್ ಹಾಕಿಕೊಳ್ಳುತ್ತೇನೆ. ಸೈಟುಗಳಲ್ಲಿ ಸಾಮಾನ್ಯವಾಗಿ ಅದು ಎಂಜಿನಿಯರುಗಳ ಬಣ್ಣ, ಕೆಲಸಗಾರರದು ಹಳದಿ. ಅರ್ಧ ಕೆಲಸ ಅದೇ ಮಾಡುತ್ತದೆ.

ಸರ್ಜಾಪುರ ರಸ್ತೆಯ ಕಡೆ ಒಂದು ಮನೆಯ ತಾರಸಿಗೆ ಕಾಂಕ್ರೀಟ್ ಹಾಕುವ ದಿನ. ಕೆಳಗೆ ಮಿಕ್ಸರ್ ಲಾರಿ ತಿರುಗುತ್ತಾ ನಿಂತಿದೆ. ನಾನು ಏಣಿ ಹತ್ತುವಾಗ ಮೇಸ್ತ್ರಿ "ಪಾಪು, ಮೇಲೆ ಬರಬೇಡ, ಕಂಬಿ ಕಾಲಿಗೆ ಚುಚ್ಚುತ್ತದೆ, ಸಾರ್ ಬರಲಿ" ಎಂದ. ಹತ್ತಿದೆ. ಬಚ್ಚಲಮನೆಗೆ ತಗ್ಗಿಸಿದ ಭಾಗದಲ್ಲಿ ಕಂಬಿಗಳು ಹಲಗೆಯ ಮೇಲೆ ಅಂಟಿಕೊಂಡು ಮಲಗಿದ್ದವು. ಕಂಬಿಯನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ ಚಿಕ್ಕ ಬಿಲ್ಲೆ, ಅಂದರೆ ಕವರ್ ಬ್ಲಾಕ್, ಕೆಳಗೆ ಇಲ್ಲ. ತಾರಸಿಯ ಕಂಬಿಗೆ ಅಡಿಯಿಂದ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು, ಇಲ್ಲದಿದ್ದರೆ ಬಚ್ಚಲ ನೀರು ಇಳಿದು ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಕೆಳಗಿನ ಮನೆಯವರ ತಲೆಯ ಮೇಲೆ ಸಿಮೆಂಟು ಉದುರುತ್ತದೆ. ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಪೆನ್ನಿನ ತುದಿಯನ್ನು ಕಂಬಿಯ ಕೆಳಗೆ ತೂರಿಸಲು ನೋಡಿದೆ. ಹೋಗಲಿಲ್ಲ. ಮೇಸ್ತ್ರಿಯೂ ಬಗ್ಗಿ ನೋಡಿದ. ನಾನು ಏನೂ ಹೇಳುವ ಮೊದಲೇ ಹುಡುಗರನ್ನು ಬ್ಲಾಕ್ ತರಲು ಓಡಿಸಿದ.

ಅವನು ನನ್ನನ್ನು ಇಂದಿಗೂ ಪಾಪು ಎಂದೇ ಕರೆಯುತ್ತಾನೆ. "ಪಾಪು ನೋಡದೆ ಕಾಂಕ್ರೀಟ್ ಸುರಿಯಬೇಡಿ" ಎಂದು ಬೇರೆ ಸೈಟಿನ ಹುಡುಗರಿಗೂ ಹೇಳುತ್ತಾನೆ. ನಿಮ್ಮ ಮಂಡಿಯ ಹಿರಿಯರ ಹಾಗೆಯೇ. ತಿದ್ದಲು ಹೋಗಲಿಲ್ಲ.

ನಾನು ಬಿಡದವರು ಮನೆ ಮಾಲೀಕರು. ನಕ್ಷೆಯನ್ನೆಲ್ಲ ನೋಡಿ, ಟೀ ಕುಡಿದು, ಕೊನೆಗೆ "ನಿಮ್ಮ ಹಿರಿಯರು ಯಾರಾದರೂ ಇದನ್ನು ಒಮ್ಮೆ ನೋಡುತ್ತಾರೆಯೇ?" ಎನ್ನುತ್ತಾರೆ. "ನೋಡುತ್ತಾರೆ, ಅವರ ಶುಲ್ಕ ಬೇರೆ" ಎಂದು ಮೊತ್ತ ಹೇಳುತ್ತೇನೆ. ಇದುವರೆಗೆ ಯಾರೂ ಆ ಮೊತ್ತ ಕೊಟ್ಟು ಹಿರಿಯರನ್ನು ಕೇಳಿಲ್ಲ.


ಗಾಂಧಿಬಜಾರ್ ಹಳಬ:

ಅಮ್ಮಾ ತಾಳೆಪಟ್ಟಿ, ನಾನು ನಿಮ್ಮದೇ ವೃತ್ತಿಯವನು, 1981ರಲ್ಲಿ ಸದಸ್ಯನಾದವನು. ಮೀಸೆ ಚಿಗುರದ ಮುಖ ಹೊತ್ತುಕೊಂಡೇ ಈ ಕೆಲಸಕ್ಕೆ ಇಳಿದೆ. ಮೇಲೆ ಎಲ್ಲರೂ ತಮ್ಮ ಸಾಮರ್ಥ್ಯದ ಕಥೆ ಹೇಳಿದ್ದಾರೆ. ಒಳ್ಳೆಯದು. ಆದರೆ ನೀವು ಕೇಳಿದ್ದು ಮುಂಗಡ ಗೌರವದ ಬಗ್ಗೆ. ಅದು ಸಾಮರ್ಥ್ಯದಿಂದ ಬರುವುದಲ್ಲ, ಬೇರೆಯವರು ನಮ್ಮನ್ನು ಹೇಗೆ ಒಳಗೆ ಕರೆತರುತ್ತಾರೆ ಎಂಬುದರಿಂದ ಬರುವುದು.

ನಮ್ಮ ಗುರುಗಳ ಕಚೇರಿ ಅವೆನ್ಯೂ ರಸ್ತೆಯಲ್ಲಿತ್ತು. ಚಿಕ್ಕಪೇಟೆಯ ಬಟ್ಟೆ ಸಗಟು ಅಂಗಡಿಗಳ ಲೆಕ್ಕವೇ ಹೆಚ್ಚು. ಆಗ ಅಲ್ಲಿ ಮೇಜು ಕುರ್ಚಿ ಕಡಿಮೆ. ಚಪ್ಪಲಿ ಹೊರಗೆ ಬಿಟ್ಟು ಬಿಳಿ ಗಾದಿಯ ಮೇಲೆ ಕುಳಿತುಕೊಳ್ಳಬೇಕು. ಯಾರು ದಿಂಬಿಗೆ ಒರಗುತ್ತಾರೆ, ಯಾರು ಗಾದಿಯ ಅಂಚಿನಲ್ಲಿ ಕಾಲು ಮಡಿಚಿ ಕೂರುತ್ತಾರೆ ಎಂಬುದರಲ್ಲೇ ಎಲ್ಲ ತೀರ್ಮಾನವಾಗಿರುತ್ತಿತ್ತು. ಗುರುಗಳು ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ದಿಂಬನ್ನು ನನ್ನ ಕಡೆ ಸರಿಸಿದರು. ನನ್ನ ಪೂರ್ತಿ ಹೆಸರು ಹೇಳಿ, "ಇವರು ಚಾರ್ಟರ್ಡ್ ಅಕೌಂಟೆಂಟ್, ಇನ್ನು ಮೇಲೆ ನಿಮ್ಮ ಲೆಕ್ಕ ಇವರದು" ಎಂದು ಹೇಳಿ, ಬಾದಾಮಿ ಹಾಲು ಕುಡಿದು, ಎದ್ದು ಹೊರಟೇಬಿಟ್ಟರು! ಆ ಹೊರಟುಹೋದದ್ದೇ ಮುಖ್ಯ. ಅವರು ಅಲ್ಲೇ ಕುಳಿತಿದ್ದರೆ ಸೇಠ್ ಪ್ರತಿ ಪ್ರಶ್ನೆಯನ್ನೂ ಅವರಿಗೇ ಕೇಳುತ್ತಿದ್ದರು, ನಾನು ಕಾಗದ ಹುಡುಕಿಕೊಡುವ ಹುಡುಗನಾಗಿ ಉಳಿಯುತ್ತಿದ್ದೆ. ಮುಂದೆ ಒಮ್ಮೆ ಸೇಠ್ ನೇರವಾಗಿ ಗುರುಗಳಿಗೆ ದೂರವಾಣಿ ಮಾಡಿ ಸವಕಳಿಯ ವಿಷಯ ಕೇಳಿದರು. ಗುರುಗಳಿಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. "ಅದು ಅವರಿಗೆ ಗೊತ್ತು, ಅವರನ್ನೇ ಕೇಳಿ" ಎಂದು ಇಟ್ಟುಬಿಟ್ಟರು.

ಇಂದಿನ ಕಚೇರಿಗಳಲ್ಲಿ ಇದು ಇಲ್ಲ. ಹತ್ತು ವರ್ಷ ಅನುಭವವಿರುವ ಹೆಣ್ಣುಮಗಳನ್ನು ಪಾಲುದಾರರು "ನಮ್ಮ ಹುಡುಗಿ ಬರುತ್ತಾಳೆ, ಎಲ್ಲ ಕೊಟ್ಟುಬಿಡಿ" ಎಂದು ಪರಿಚಯಿಸುತ್ತಾರೆ. ಆಮೇಲೆ ಕಕ್ಷಿದಾರ ಏಕವಚನದಲ್ಲಿ ಮಾತನಾಡಿದ ಎಂದು ಅವನನ್ನು ಬೈಯುತ್ತಾರೆ. ಅವನು ಕೇಳಿಸಿಕೊಂಡದ್ದನ್ನೇ ತಾನೇ ಹೇಳಿದ್ದು?

ನಿಮಗೆ ಗುರುಗಳಿಲ್ಲ, ನೀವೇ ಕಚೇರಿ. ಹಾಗಾದರೆ ಆ ಕೆಲಸವನ್ನು ಆ ಗಡ್ಡಕ್ಕೆ ಹಚ್ಚಿ. ಒಳಗೆ ಹೋಗುವಾಗ ಅವನು ಒಂದು ಹೆಜ್ಜೆ ಹಿಂದಿರಬೇಕು, ಎರಡೂ ಕೈಯಲ್ಲಿ ಫೈಲು ಇರಬೇಕು. ಕೈ ಖಾಲಿಯಿಲ್ಲದವನ ಕೈ ಯಾರೂ ಕುಲುಕುವುದಿಲ್ಲ. ಪಟ್ಟಿಯನ್ನು ಅವನ ಕೈಗೆ ಕೊಟ್ಟರೆ ಓದದೆ ನಿಮ್ಮ ಮುಂದಿಡಬೇಕು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ "ಮೇಡಂ ಹೇಳುತ್ತಾರೆ" ಎನ್ನಬೇಕು. ಗೊತ್ತಿದ್ದು ಸುಮ್ಮನಿರುವುದು ಇಪ್ಪತ್ತೊಂದರ ವಯಸ್ಸಿಗೆ ಕಷ್ಟ, ಮೊದಲೇ ಹೇಳಿ ಅಭ್ಯಾಸ ಮಾಡಿಸಿ. ಅದಕ್ಕೂ ಮುಂಚೆ, ಶಾಖೆಗೆ ಹೋಗುವ ಮೂರು ದಿನ ಮೊದಲು ಪತ್ರ ಹೋಗಲಿ: ಬರುವವರ ಹೆಸರು, ನಿಮ್ಮ ಸದಸ್ಯತ್ವ ಸಂಖ್ಯೆ, ಬೇಕಾದ ದಾಖಲೆಗಳು, ಸಹಿ ಮಾಡುವವರು ಯಾರು ಎಂಬ ಒಂದು ಸಾಲು. ಐದು ವರ್ಷ ಸತತ ವೃತ್ತಿ ನಡೆಸಿದ್ದರೆ ನೀವು ಫೆಲೋ, ಅಂದರೆ ಸಂಸ್ಥೆಯ ಮೇಲಿನ ದರ್ಜೆಯ ಸದಸ್ಯರು, ಆಗಲು ಅರ್ಹರು, ಆಗಿದ್ದರೆ ಹೆಸರಿನ ಮುಂದೆ ಎಫ್‌ಸಿಎ ಎಂದು ಹಾಕಿ. ಹೊರಗಿನವರಿಗೆ ತಿಳಿಯದಿರಬಹುದು, ಬ್ಯಾಂಕಿನವರಿಗೆ ತಿಳಿಯುತ್ತದೆ. ಮುಖ ಬಾಗಿಲಿಗೆ ಬರುವ ಮುನ್ನ ಹುದ್ದೆ ಬಂದು ಕುಳಿತಿರಲಿ.

ಬಿಳಿಗೂದಲಿನ ಬಗ್ಗೆಯೂ ಒಂದು ಮಾತು. ಕ್ವೀನ್ಸ್ ರಸ್ತೆಯ ಆದಾಯ ತೆರಿಗೆ ಕಚೇರಿಯ ಮೆಟ್ಟಿಲು ಹತ್ತಿ ಹತ್ತಿ ನನ್ನ ತಲೆ ಬೆಳ್ಳಗಾಯಿತು. ಬೆಳ್ಳಗಾದ ಮೇಲೆ ಅಧಿಕಾರಿಗಳು "ಬನ್ನಿ ಸಾರ್, ಕುಳಿತುಕೊಳ್ಳಿ" ಎನ್ನತೊಡಗಿದರು. ಅದರ ಸುಖ ಅನುಭವಿಸುತ್ತಿರುವಾಗಲೇ 2020ರಲ್ಲಿ ಮುಖಾಮುಖಿಯಿಲ್ಲದ ಪರಿಶೀಲನೆ ಬಂತು. ಈಗ ನೋಟಿಸು ಪೋರ್ಟಲ್‌ನಲ್ಲಿ, ಉತ್ತರ ಪೋರ್ಟಲ್‌ನಲ್ಲಿ, ಯಾವ ಊರಿನ ಯಾವ ಅಧಿಕಾರಿ ಓದುತ್ತಾನೋ ಗೊತ್ತಿಲ್ಲ. ನನ್ನ ನರೆಗೆ ಇದ್ದ ಬೆಲೆ ಒಂದೇ ಏಟಿಗೆ ಬಿತ್ತು.

ಕಬ್ಬನ್ ಪಾರ್ಕಿನಲ್ಲಿ ಕೇಂದ್ರ ಗ್ರಂಥಾಲಯದ ಮುಂದೆ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಇದೆಯಲ್ಲ, ಅದನ್ನು ನೋಡಿದವರು, ಅಯ್ಯರ್ ಹುಟ್ಟುವಾಗಲೇ ಮುದುಕರಾಗಿದ್ದರು ಎಂದುಕೊಳ್ಳುತ್ತಾರೆ. 1845ರಲ್ಲಿ ಹುಟ್ಟಿದವರು, 1883ರಲ್ಲಿ ಮೈಸೂರಿನ ದಿವಾನರಾದರು. ನಲವತ್ತು ತುಂಬಿರಲಿಲ್ಲ. ಪೇಟ ಆ ಕಾಲದಲ್ಲಿ ಬಹಳ ಜನರ ವಯಸ್ಸು ಮುಚ್ಚಿತು. ನಿಮಗೆ ಪೇಟ ಇಲ್ಲ, ಪತ್ರ ಇದೆ.

ಕೊನೆಗೆ ಒಂದು ಪ್ರಶ್ನೆ: ಆ ಹುಡುಗ ನಿಮ್ಮನ್ನು ಏನೆಂದು ಕರೆಯುತ್ತಾನೆ?


ತಾಳೆಪಟ್ಟಿ:

@ಗಾಂಧಿಬಜಾರ್ ಹಳಬ, ಸಾರ್, ನೀವು ಕೇಳುತ್ತೀರಿ ಎಂದುಕೊಂಡೆ. "ಅಕ್ಕ" ಎಂದು ಕರೆಯುತ್ತಾನೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಎಲ್ಲರಿಗೂ ಬಹುವಚನ ಬಳಸುತ್ತೇವೆ, ಅವನಿಗೂ ನಾನು "ನೀವು" ಎನ್ನುತ್ತೇನೆ. ಆದರೆ ಅಕ್ಕ ಎನ್ನುವುದನ್ನು ಬಿಡಿಸಲು ನನಗೆ ಮನಸ್ಸಿಲ್ಲ. ಅವನು ಹಾಸನದ ಕಡೆಯವನು, ಮೇಡಂ ಎಂದರೆ ಅವನ ದನಿಯೇ ಬೇರೆಯಾಗುತ್ತದೆ.

ಕೈಯಲ್ಲಿ ಫೈಲು ಎಂಬುದನ್ನು ಓದಿ ಇಬ್ಬರೂ ನಕ್ಕೆವು. ಸುಮ್ಮನಿರುವ ಅಭ್ಯಾಸವನ್ನು ಇಂದೇ ಆರಂಭಿಸುತ್ತೇನೆ ಎಂದಿದ್ದಾನೆ. ಹೇಳಿದ ಹತ್ತು ನಿಮಿಷಕ್ಕೆ ಒಬ್ಬ ಕಕ್ಷಿದಾರರಿಗೆ ದೂರವಾಣಿಯಲ್ಲಿ ಟಿಡಿಎಸ್ ಬಗ್ಗೆ ಉಪನ್ಯಾಸ ಕೊಡುತ್ತಿದ್ದ.

ಪೋರ್ಟಲ್ ವಿಷಯದಲ್ಲಿ ನಿಮ್ಮ ನಷ್ಟ ನನ್ನ ಲಾಭ, ಕ್ಷಮೆಯಿರಲಿ. ಆ ಕಡೆಯಿಂದ ಬರುವ ಪತ್ರದಲ್ಲಿ ಯಾರೂ ನನ್ನನ್ನು ಅಮ್ಮ ಎಂದು ಕರೆದಿಲ್ಲ.

ಆದರೆ ಮುಖ ತೋರಿಸಬೇಕಾದ ಜಾಗ ಇನ್ನೂ ಇದೆ. ಬರುವ ಮಂಗಳವಾರ ಪೀಣ್ಯದ ಅದೇ ಮಾಲೀಕರ ಜಿಎಸ್‌ಟಿ ವಿಚಾರಣೆ. ಅವರೂ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಾರೆ. ಅಂದರೆ ಅಧಿಕಾರಿ ಅವರನ್ನು ನೋಡುತ್ತಾ ಪ್ರಶ್ನೆ ಕೇಳುತ್ತಾರೆ, ಅವರು ನನ್ನನ್ನು "ನೀನು" ಎನ್ನುತ್ತಾ ಅಡ್ಡ ಬಾಯಿ ಹಾಕುತ್ತಾರೆ. ಬರಬೇಡಿ ಎನ್ನಲೇ?


ಕವರ್ ಬ್ಲಾಕ್:

ಅಕ್ಕ ಎನ್ನುವುದನ್ನು ಉಳಿಸಿಕೊಳ್ಳಿ. ಅದನ್ನು ಬಿಡಿಸಿದರೆ ಸೋತವರು ನೀವೇ.


ಗಾಂಧಿಬಜಾರ್ ಹಳಬ:

ಕಚೇರಿಯೊಳಗೆ ಅಕ್ಕ, ಹೊರಗೆ ಮೇಡಂ. ಈ ಮಾತಿನಲ್ಲಿ ನಾನು ಸೋಲುವುದಿಲ್ಲ, ನೀವಿಬ್ಬರೂ ಒಪ್ಪಬೇಕೆಂದೂ ಇಲ್ಲ.

ಮಾಲೀಕರು ಬರದಿರುವುದೇ ಲೇಸು. ಜಿಎಸ್‌ಟಿ ಕಾಯ್ದೆಯ 116ನೇ ಕಲಮಿನ ಪ್ರಕಾರ ವೃತ್ತಿ ಪ್ರಮಾಣಪತ್ರ ಇರುವ ಚಾರ್ಟರ್ಡ್ ಅಕೌಂಟೆಂಟ್ ಅಧಿಕೃತ ಪ್ರತಿನಿಧಿಯಾಗಿ ಹಾಜರಾಗಬಹುದು, ಅವರ ಸಹಿಯಿರುವ ಅಧಿಕಾರ ಪತ್ರ ಸಾಕು. ಬರದಂತೆ ತಡೆಯಲು ಗೌರವದ ವಿಷಯ ಎತ್ತಬೇಡಿ. "ನೀವು ಅಲ್ಲಿ ಬಾಯಿ ತಪ್ಪಿ ಹೇಳಿದ ಮಾತು ದಾಖಲೆಗೆ ಹೋಗಬಹುದು" ಎನ್ನಿ. ತಾವಾಗಿಯೇ ಕಾರ್ಖಾನೆಯಲ್ಲಿ ಉಳಿಯುತ್ತಾರೆ.

ಅಧಿಕಾರ ಪತ್ರ ಫೈಲಿನ ಮೊದಲ ಹಾಳೆಯಾಗಿರಲಿ. ಅಧಿಕಾರಿ "ಆಡಿಟರ್ ಎಲ್ಲಿ?" ಎಂದು ಬಾಯಿ ತೆರೆಯುವ ಮೊದಲೇ ಅವರ ಮೇಜಿನ ಮೇಲೆ ಅದನ್ನಿಟ್ಟು, ಹೆಸರು ಹೇಳಿ, ಆಮೇಲೆ ಕುಳಿತುಕೊಳ್ಳಿ. ಎಲ್ಲ ಹಾಳೆಗೂ ಪುಟಸಂಖ್ಯೆ ಹಾಕಿ, ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಎದ್ದು ಬರಬೇಡಿ.


ತಾಳೆಪಟ್ಟಿ:

ಮಾಲೀಕರಿಗೆ ಹಾಗೆಯೇ ಹೇಳಿದೆ. ಬರುವುದಿಲ್ಲವಂತೆ. ಹುಡುಗ ಪುಟಸಂಖ್ಯೆ ಹಾಕುತ್ತಿದ್ದಾನೆ, ಈಗ 140ರಲ್ಲಿದ್ದಾನೆ.